ಅವಳು ಕೈ ಬಿಟ್ಟದ್ದು ತಪ್ಪಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಲೈಬ್ರರಿಯಿಂದ ಸುನಾಮಿ ಮೇಲಿನ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಾಳೆ. ಇಂಡೊನೇಷ್ಯಾದ ಅಚೆ ಪ್ರಾಂತ್ಯದ ಕಥೆ. ಹದಿನೈದು ವರ್ಷದ ಹುಡುಗಿ, ಅವಳ ಪುಟ್ಟ ತಮ್ಮ. ಅಲೆ ಬಂದಾಗ ತಮ್ಮನ ಕೈ ಜಾರಿಹೋಗುತ್ತದೆ. ಇವಳು ಓದುತ್ತಾಳೆ, ಅಳುತ್ತಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ. ರಾತ್ರಿ ಎದ್ದು ಹೋಗಿ ತನ್ನ ತಮ್ಮ ಮಲಗಿದ್ದಾನಾ ಅಂತ ನೋಡಿ ಬರುತ್ತಾಳೆ. ನಮ್ಮತ್ತೆ ಹೇಳಿದರು ಅಂತ ಪುಸ್ತಕ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಮಾಡಿದ್ದು ಸರಿಯಾ?
– ಹೆಸರು ಬೇಡ, ಶಿವಮೊಗ್ಗ

(ಪತ್ರದ ತಳದಲ್ಲಿ ಪೆನ್ಸಿಲಿನಲ್ಲಿ, ಬೇರೆ ಕೈಬರಹ: "ಸಮುದ್ರ ನಿಜವಾಗ್ಲೂ ಹಿಂದೆ ಹೋಗತ್ತಾ? ಹಡಗು ಊರೊಳಗೆ ಬಂದದ್ದು ನಿಜವಾ? ಅವಳು ಕೈ ಬಿಟ್ಟದ್ದು ತಪ್ಪಾ?")

ಉತ್ತರ: ಇವತ್ತೇ ಬೀರುವಿನಿಂದ ತೆಗೆದುಕೊಡಿ.

ನೀವು ಪುಸ್ತಕದ ಹೆಸರು ಬರೆದಿದ್ದಿರಿ, ಹಾಗಾಗಿ ನಾನೂ ಅದನ್ನು ತರಿಸಿ ಓದಿದೆ. (ಇಲ್ಲಿ ಹೆಸರು ಹಾಕುತ್ತಿಲ್ಲ, ಮುಂದೆ ಓದುವವರಿಗೆ ಕಥೆ ಮೊದಲೇ ಗೊತ್ತಾಗಬಾರದು.) ಅಲೆ ಬಂದುಹೋಗುವುದು ಮೊದಲ ಅರವತ್ತು ಪುಟಗಳಲ್ಲಿ. ಉಳಿದದ್ದೆಲ್ಲ ಆಮೇಲಿನ ಕಥೆ, ಟೆಂಟು, ಗೋಡೆಗೆ ಅಂಟಿಸಿದ ಹೆಸರುಗಳ ಪಟ್ಟಿ, ಕೈಯಲ್ಲಿ ಫೋಟೋ ಹಿಡಿದು ಓಡಾಡುವ ಜನ, ಮತ್ತೆ ಆ ಹುಡುಗಿ ತಿಂಗಳುಗಟ್ಟಲೆ ಯಾರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡ ಒಂದು ಮಾತು. ಕೊನೆಗೆ ಒಂದು ಸಂಜೆ, ಶಿಬಿರದಲ್ಲಿ ಬಟ್ಟೆ ಹೊಲಿಯುವ ಅಜ್ಜಿಯ ಮುಂದೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ, "ನಾನೇ ಬಿಟ್ಟೆ" ಅಂತ. ಅಲ್ಲಿ ನಾನೂ ಅತ್ತೆ. ನಿಮ್ಮ ಮಗಳು ಆ ಪುಟಕ್ಕೆ ಇನ್ನೂ ಬಂದಿಲ್ಲ ಅನಿಸುತ್ತದೆ. ನಡುವೆ ಪುಸ್ತಕ ಕಿತ್ತುಕೊಂಡರೆ ಅವಳು ಇನ್ನೂ ನೀರಲ್ಲೇ ಇರುತ್ತಾಳೆ, ಅಲ್ವಾ?

ರಾತ್ರಿ ಮಲಗುವ ಮುಂಚೆ ಓದುವುದು ಬೇಡ. ಶನಿವಾರ ಮಧ್ಯಾಹ್ನ ಪಕ್ಕದಲ್ಲಿ ಕೂತು ನೀವೂ ಓದಿ, ಇಂಗ್ಲಿಷ್ ಕಷ್ಟ ಅನಿಸಿದರೆ ಅವಳಿಂದಲೇ ಕಥೆ ಹೇಳಿಸಿ. "ಕಟ್ಟುಕಥೆಗೆ ಯಾಕೆ ಅಳ್ತೀಯ" ಅಂತ ಮಾತ್ರ ಹೇಳಬೇಡಿ. 2004ರ ಡಿಸೆಂಬರ್ 26, ಭಾನುವಾರ ಬೆಳಗ್ಗೆ, ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ಅಚೆಯಲ್ಲೂ ನಮ್ಮ ನಾಗಪಟ್ಟಿಣದಲ್ಲೂ ಅಂಥ ಅಕ್ಕಂದಿರು ಎಷ್ಟೋ ಜನ ಇದ್ದಾರೆ. ತಮ್ಮ ಕೊನೆಗೂ ಸಿಗುವುದಿಲ್ಲ, ಅದನ್ನು ಬೇಕಾದರೆ ಮೊದಲೇ ಹೇಳಿಬಿಡಿ. ಕಾದಂಬರಿಕಾರರು ಅವನನ್ನು ಸುಮ್ನೆ ವಾಪಸ್ ತರಲಿಲ್ಲ ಅನ್ನುವುದಕ್ಕೇ ನನಗೆ ಈ ಪುಸ್ತಕದ ಮೇಲೆ ಗೌರವ. ನನ್ನದೊಂದೇ ತಕರಾರು, ಪರಿಹಾರಕ್ಕೆ ಬಂದ ವಿದೇಶಿ ನರ್ಸಿನ ಮಾತು ಜಾಸ್ತಿಯಾಯಿತು, ಅಜ್ಜಿಯ ಮಾತು ಕಡಿಮೆಯಾಯಿತು.

ಪುಸ್ತಕ ಮುಗಿದು ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಇನ್ನು ಮುಂದಿನದು ಪೆನ್ಸಿಲಿನಲ್ಲಿ ಬರೆದವಳಿಗೆ.

ಪುಟ್ಟಾ, ಸಮುದ್ರ ಹಿಂದೆ ಹೋದದ್ದು ನಿಜ, ಆದರೆ ಎಲ್ಲ ಕಡೆ ಅಲ್ಲ. ಆ ದಿನ ಭೂಕಂಪವಾಗಿ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಕಡಲ ತಳ ಸರಿಯಿತು, ಒಂದು ಬದಿ ಮೇಲೆದ್ದಿತು, ಇನ್ನೊಂದು ಬದಿ ಕುಸಿಯಿತು. ಕುಸಿದ ಬದಿಗಿದ್ದ ಅಚೆ, ಥಾಯ್ಲೆಂಡ್ ಕಡೆ ನೀರು ಮೊದಲು ಹಿಂದೆ ಸರಿಯಿತು. ಇತ್ತ ತಮಿಳುನಾಡಿನ ಕಡೆ ಮೊದಲು ಬಂದದ್ದೇ ಏರುವ ನೀರು. ಅಲ್ಲಿ ಭೂಮಿ ನಡುಗಿದಾಗ ನಮ್ಮಲ್ಲಿ ಬೆಳಗ್ಗೆ ಆರೂವರೆ, ಅಲೆ ನಮ್ಮ ದಡಕ್ಕೆ ಬರಲು ಎರಡು ತಾಸಿಗೂ ಹೆಚ್ಚು ಹೊತ್ತು ಬೇಕಾಯಿತು, ಅಷ್ಟು ಹೊತ್ತಿದ್ದರೂ ದಡದ ಜನಕ್ಕೆ ಹೇಳುವ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿನ್ನ ಪುಸ್ತಕದಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಅಚೆಯ ಹತ್ತಿರವೇ ಸಿಮೆಲುವೆ ಅಂತ ಒಂದು ದ್ವೀಪ, ಭೂಕಂಪ ಹುಟ್ಟಿದ ಜಾಗಕ್ಕೆ ತುಂಬಾ ಸಮೀಪ. ಅಲ್ಲಿ 1907ರಲ್ಲೂ ಇಂಥದೇ ಅಲೆ ಬಂದಿತ್ತು. ಬದುಕಿದವರು ಅದನ್ನು 'ಸ್ಮೊಂಗ್' ಅಂತ ಕರೆದು, ನೆಲ ಜೋರಾಗಿ ನಡುಗಿ ಕಡಲು ಹಿಂದೆ ಹೋದರೆ ಗುಡ್ಡಕ್ಕೆ ಓಡಿ ಅಂತ ಮಕ್ಕಳಿಗೆ ಹೇಳುತ್ತಾ, ಹಾಡುತ್ತಾ ಬಂದರು. 2004ರಲ್ಲಿ ಅಲ್ಲಿದ್ದವರು ಸುಮಾರು 78,000 ಜನ. ಸತ್ತವರು ಏಳು.

ಹಡಗಿನ ಕಥೆಯೂ ನಿಜ. ವಿದ್ಯುತ್ ತಯಾರಿಸುವ ಯಂತ್ರಗಳಿದ್ದ 2,600 ಟನ್ನಿನ ಹಡಗನ್ನು ನೀರು ಬಂಡಾ ಅಚೆ ಊರೊಳಗೆ ಎರಡು ಮೂರು ಕಿಲೋಮೀಟರ್ ಎತ್ತಿಕೊಂಡು ಹೋಗಿ ಮನೆಗಳ ನಡುವೆ ಇಟ್ಟಿತು. ಈಗಲೂ ಅಲ್ಲೇ ಇದೆ, ಜನ ಹತ್ತಿ ನೋಡುತ್ತಾರೆ.

ಈಗ ನಿನ್ನ ಮೂರನೆಯ ಪ್ರಶ್ನೆ. ಒಂದು ಮೀಟರ್ ಉದ್ದ, ಅಗಲ, ಎತ್ತರದಷ್ಟು ನೀರು ಸಾವಿರ ಕಿಲೋ ತೂಗುತ್ತದೆ. ಆ ದಿನದ ನೀರಿನಲ್ಲಿ ತಗಡು, ಮರದ ದಿಮ್ಮಿ, ಕಾರು ಎಲ್ಲ ಸೇರಿಕೊಂಡು ಬರುತ್ತಿತ್ತು. ಆ ಹಡಗನ್ನೇ ಹೊತ್ತುಕೊಂಡು ಹೋದ ನೀರು ಅದು. ಅದರ ಮುಂದೆ ಹದಿನೈದು ವರ್ಷದ ಹುಡುಗಿಯ ಐದು ಬೆರಳು ಏನು ಮಾಡೀತು? ಅವಳು ಬಿಟ್ಟದ್ದಲ್ಲ ಪುಟ್ಟಾ, ನೀರು ಕಿತ್ತುಕೊಂಡಿತು. ಅಜ್ಜಿಯೂ ಅವಳಿಗೆ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾಳೆ, ನನಗಿಂತ ಚೆನ್ನಾಗಿ. ಓದು.

ರಾತ್ರಿ ಎದ್ದು ತಮ್ಮನನ್ನು ನೋಡಬೇಕು ಅನಿಸಿದರೆ ನೋಡಿ ಬಾ, ಅಮ್ಮ ಬೈಯುವುದಿಲ್ಲ. ಪುಸ್ತಕ ಮುಗಿದ ಮೇಲೆ ನನಗೆ ಇನ್ನೊಂದು ಪತ್ರ ಬರಿ, ಈ ಸಲ ನಿನ್ನದೇ ಬೇರೆ ಹಾಳೆಯಲ್ಲಿ.