ಟೇಬಲ್‌ಟಾಪ್ ಆರ್‌ಪಿಜಿ ಮಾರಾಟವಾಗಲು ಆನ್‌ಲೈನ್ ರಿವ್ಯೂ ಕಾರಣವಾಗುತ್ತದಾ?

ರಿವ್ಯೂ ಓದಿ ಜನ ನಿಜವಾಗ್ಲೂ ಆರ್‌ಪಿಜಿ (ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ) ಪುಸ್ತಕ ಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಸಣ್ಣ ಆಟಗಳ ವಿಷಯದಲ್ಲಿ ಖಂಡಿತ ಹೌದು. ದೊಡ್ಡ ಹೆಸರಿನ ಆಟಗಳಿಗೆ ಅದರಿಂದ ಜಾಸ್ತಿ ವ್ಯತ್ಯಾಸ ಆಗಲ್ಲ.

ನಮ್ಮ ಗುಂಪಿನಲ್ಲಿ ಐದು ಜನ ಇದ್ದೇವೆ. ಆಟ ನಡೆಸುವವನು ನಾನು, ಪುಸ್ತಕ ಕೊಳ್ಳುವವನೂ ನಾನೇ. ಉಳಿದವರು ದಾಳ ತಗೊಂಡು ಬಂದು ಕೂರುತ್ತಾರೆ. ನಾನು ನೋಡಿದ ಬೇರೆ ಗುಂಪುಗಳಲ್ಲೂ ಹೀಗೇ. ಹಾಗಾಗಿ ಆಟ ನಡೆಸುವ ಒಬ್ಬರಿಗೆ ರಿವ್ಯೂ ಹಿಡಿಸಿದರೆ ಸಾಕು, ಇಡೀ ಟೇಬಲ್ಲೇ ಆ ಆಟಕ್ಕೆ ಹೊರಳುತ್ತದೆ.

ಮದರ್‌ಶಿಪ್ ನನಗೆ ಸಿಕ್ಕಿದ್ದು ಹಾಗೇ. ಬಾಹ್ಯಾಕಾಶದಲ್ಲಿ ನಡೆಯುವ ಹಾರರ್ ಆಟ ಅದು, ಮೊದಲು ಬಂದಿದ್ದು 2018ರಲ್ಲಿ. ಅದರಲ್ಲಿ ದಾಳ ಕೈಕೊಟ್ಟಾಗಲೆಲ್ಲ ನಿಮ್ಮ ಪಾತ್ರದ ಸ್ಟ್ರೆಸ್ ಒಂದೊಂದೇ ಏರುತ್ತಾ ಹೋಗುತ್ತದೆ. ಪಾತ್ರ ಗಾಬರಿ ಬೀಳುತ್ತದಾ ಅಂತ ನೋಡುವ ಪ್ಯಾನಿಕ್ ಚೆಕ್ ಬಂದಾಗ 20 ಮುಖದ ದಾಳ ಉರುಳಿಸಬೇಕು. ಸ್ಟ್ರೆಸ್‌ಗಿಂತ ದೊಡ್ಡ ಸಂಖ್ಯೆ ಬೀಳದಿದ್ದರೆ ಪಾತ್ರ ದಿಕ್ಕೆಡುತ್ತದೆ. ಸ್ಟ್ರೆಸ್ 11ಕ್ಕೆ ಏರಿದ್ದ ಒಬ್ಬ ಆಟಗಾರ್ತಿ ದಾಳ ಮುಟ್ಟೋಕೇ ಹಿಂಜರಿದರು ಅಂತ ಯಾರೋ ರಿವ್ಯೂನಲ್ಲಿ ಬರೆದಿದ್ದರು. ನನಗೆ ಅಷ್ಟೇ ಸಾಕಾಯ್ತು. ಆಟಗಾರರ ನಿಯಮದ ಪಿಡಿಎಫ್ ದುಡ್ಡಿಲ್ಲದೆ ಸಿಗುತ್ತಿತ್ತು. ಇಳಿಸಿಕೊಂಡು ಒಂದು ರಾತ್ರಿ ಆಡಿದೆವು. ಮಾರನೇ ವಾರ ದುಡ್ಡು ಕೊಟ್ಟು ಅದರ ಸಾಹಸದ ಪುಸ್ತಕ ಕೊಂಡೆ. ಅದೇ ಆಟಕ್ಕೆ ಐದು ಸ್ಟಾರ್ ಕೊಟ್ಟು ‘ಸೂಪರ್’ ಅಂತ ಬರೆದವರೂ ಇದ್ದರು. ಅದನ್ನು ಓದಿ ನನಗೇನೂ ಅನ್ನಿಸಿರಲಿಲ್ಲ.

ದೊಡ್ಡ ಆಟಗಳು ಬೇರೆ ದಾರಿಯಲ್ಲಿ ಮಾರಾಟವಾಗುತ್ತವೆ. 2021ರಲ್ಲಿ ಅವತಾರ್ ಕಾರ್ಟೂನ್ ಆಧರಿಸಿದ ಅವತಾರ್ ಲೆಜೆಂಡ್ಸ್ ಆಟಕ್ಕೆ, ಜನರಿಂದ ಮುಂಗಡ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ಸೈಟಿನಲ್ಲಿ 81 ಸಾವಿರಕ್ಕೂ ಜಾಸ್ತಿ ಜನ 95 ಲಕ್ಷ ಡಾಲರ್‌ನಷ್ಟು ಕೊಟ್ಟರು. ಪೂರ್ತಿ ಪುಸ್ತಕ ಆಗಿನ್ನೂ ಅಚ್ಚೇ ಆಗಿರಲಿಲ್ಲ, ರಿವ್ಯೂ ಎಲ್ಲಿಂದ ಬರಬೇಕು? ಕಾರ್ಟೂನ್ ಮೇಲಿನ ಪ್ರೀತಿಯೇ ಅವರನ್ನು ಕರೆತಂದಿತ್ತು. 2023ರ ಜನವರಿಯಲ್ಲಿ ಹೆಸರಾಂತ ಆರ್‌ಪಿಜಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನು ಬೇರೆಯವರು ಬಳಸೋಕೆ ಬಿಡುವ ಲೈಸೆನ್ಸ್ ಬದಲಾಯಿಸುವ ಸುದ್ದಿಗೆ ಆಟಗಾರರು ಸಿಟ್ಟಾದರು. ಆಗ ಅದರ ಪ್ರತಿಸ್ಪರ್ಧಿ ಆಟ ಪಾತ್‌ಫೈಂಡರ್‌ನ ಮುಖ್ಯ ನಿಯಮ ಪುಸ್ತಕ, ಎಂಟು ತಿಂಗಳಿಗೆ ಅಂತ ಇಟ್ಟಿದ್ದ ಸ್ಟಾಕು, ಎರಡೇ ವಾರದಲ್ಲಿ ಖಾಲಿಯಾಯಿತು ಅಂತ ಅದರ ಪ್ರಕಾಶಕರಾದ ಪೈಜೋ ಹೇಳಿದರು. ಅಲ್ಲೂ ರಿವ್ಯೂಗಳ ಪಾತ್ರ ಅಷ್ಟಕ್ಕಷ್ಟೇ.

ನೀವೇ ಆಟ ಬರೆದು ಮಾರುವವರಾದರೆ ಇನ್ನೊಂದು ವಿಷಯ. ಆರ್‌ಪಿಜಿ ಪಿಡಿಎಫ್ ಮಾರುವ ಆನ್‌ಲೈನ್ ಅಂಗಡಿ ಡ್ರೈವ್‌ಥ್ರೂಆರ್‌ಪಿಜಿಯಲ್ಲಿ ತಾಮ್ರ, ಬೆಳ್ಳಿ, ಚಿನ್ನ ಅಂತ ಬ್ಯಾಡ್ಜ್ ಸಿಗುವುದು ಎಷ್ಟು ಪ್ರತಿ ಹೋದವು ಅನ್ನೋದರ ಮೇಲೆ, ಸ್ಟಾರ್‌ಗಳ ಮೇಲಲ್ಲ. ಅಂದ್ರೆ ಮೊದಲ ಒಂದಷ್ಟು ಪ್ರತಿ ಮಾರುವುದೇ ಕಷ್ಟ. ಸುಮ್ನೆ ಎಲ್ಲರ ಹತ್ರ ಸ್ಟಾರ್ ಕೇಳಬೇಡಿ. ಆಟ ನಡೆಸುವ ನಾಲ್ಕೈದು ಜನರಿಗೆ ಪಿಡಿಎಫ್ ಕೊಡಿ. ಒಂದು ಸಲ ಆಡಿದ ಮೇಲೆ ಟೇಬಲ್ಲಿನಲ್ಲಿ ಏನಾಯ್ತೋ ಅದನ್ನೇ ಬರೆಯೋಕೆ ಹೇಳಿ, ಎಡವಿದ್ದನ್ನೂ ಸೇರಿಸಿ.