ಪ್ರತಿಕ್ರಿಯೆ: ಓದಿದ್ದು ಬರುತ್ತೆ, ಪೇಪರ್ ಮಾತ್ರ ಅರ್ಧ

ಮಗಳು ಓದಿದ್ದೆಲ್ಲ ಬಂದರೂ ಪೇಪರ್ ಅರ್ಧಕ್ಕೇ ಬಿಡುತ್ತಾಳೆ ಅಂತ ನೀವು ಬರೆದದ್ದು ಓದಿದೆ. ಇದು ಎಡಿಎಚ್‌ಡಿಯಲ್ಲಿ (ಗಮನ ನಿಲ್ಲದಿರುವುದು, ಅತಿ ಚಡಪಡಿಕೆ ಕಾಣುವ, ಚಿಕ್ಕಂದಿನಲ್ಲೇ ಶುರುವಾಗುವ ತೊಂದರೆ) ಗಮನ ನಿಲ್ಲದ ಬಗೆ ಇರಬಹುದು. ಹದಿನಾರರ ಮಗಳು ಪಾಠವನ್ನು ಬಾಯಲ್ಲಿ ಚೆನ್ನಾಗಿ ಹೇಳುತ್ತಾಳೆ, ಪರೀಕ್ಷೆಯಲ್ಲಿ ಅರ್ಧಕ್ಕೆ ಬಿಡುತ್ತಾಳೆ, ವಾರಕ್ಕೊಂದು ಪೆನ್ನು ಕಳೆಯುತ್ತಾಳೆ ಅಂದ್ರೆ ಸುಮ್ನೆ ಸೋಮಾರಿತನ ಅನ್ನಬೇಡಿ. ಹಾರಾಡದ ಹುಡುಗಿಯರಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಆದರೆ ಆತಂಕ, ನಿದ್ದೆಗೇಡು, ಥೈರಾಯ್ಡ್ ಕೂಡ ಹೀಗೇ ಕಾಣಿಸಬಹುದು, ಬರೀ ಓದಿ ಖಚಿತವಾಗಿ ಹೇಳಲಾಗದು.

ಮೊದಲು ಹಳೇ ಮಾರ್ಕ್ಸ್ ಕಾರ್ಡ್ ಹುಡುಕಿ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ನನ್ನ ಮಗಳ ನಾಲ್ಕನೇ ಕ್ಲಾಸಿನ ಕಾರ್ಡಲ್ಲಿ 'ಕಿಟಕಿ ಕಡೆಗೇ ನೋಡುತ್ತಾಳೆ' ಅಂತ ಟೀಚರ್ ಬರೆದಿದ್ದರು. ನಾನು ನಕ್ಕು ಸೈನ್ ಹಾಕಿದ್ದೆ!

ಆಮೇಲೆ ಕಣ್ಣು, ಕಿವಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ ಅಂತ ಎರಡು ವಾರ ಬರೆದಿಡಿ. ಇವನ್ನೆಲ್ಲ ತೆಗೆದುಕೊಂಡು ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಎಡಿಎಚ್‌ಡಿ ಪತ್ತೆ ಮಾಡುವ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ನಿಮ್ಮನ್ನು, ಟೀಚರನ್ನು, ಮಗಳನ್ನು ಕೇಳಿ, ಪ್ರಶ್ನಾವಳಿ ತುಂಬಿಸಿ ನಿರ್ಧರಿಸುತ್ತಾರೆ.

ಎಡಿಎಚ್‌ಡಿ ಅಂತಾದರೆ ಕೊಡುವ ಮಾತ್ರೆ ಸಾಮಾನ್ಯವಾಗಿ ಮಿಥೈಲ್‌ಫೆನಿಡೇಟ್. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ ಶುರು ಮಾಡುವ ಮುಂಚೆಯೇ ಹೇಳಿ. ಹಸಿವು ಕಡಿಮೆಯಾಗುತ್ತೆ. ನಮ್ಮಲ್ಲಿ ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು, ಹಾಗಾಗಿ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡುತ್ತಿದ್ದೆ. ಡೋಸ್ ಹೊಂದಲು ಕೆಲವು ವಾರ ಬೇಕು.

ಅಪಾಯಿಂಟ್‌ಮೆಂಟ್ ಸಿಗೋವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.