ಜೇಬಿನ ಕಂಪ್ಯೂಟರಾ, ಕೈಲಿ ಹಿಡ್ಯೋ ಗೇಮ್ ಮಷೀನಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯದ ಮೇಲೆ, ಕೈಲಿ ಹಿಡ್ಯೋ ಪುಟ್ಟ ಕಂಪ್ಯೂಟರು. ಅಡಿಕೆ ದುಡ್ಡು ಕೈಗೆ ಬಂದಿರೋ ಟೈಮು ಅಂತ ಕಾಣುತ್ತೆ. ಇನ್ವರ್ಟರ್, ವೈಫೈ ಬಗ್ಗೆ ಕೇಳಿದೋರು ಒಂಚೂರು ತಡ್ಕೊಳ್ಳಿ, ನಿಮ್ದು ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ತೋಟ, ಜೊತೆಗೆ ಸಣ್ಣದಾಗಿ ಅಡಿಕೆ ವ್ಯಾಪಾರ. ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಫಸ್ಟ್ ಇಯರ್. ಆರ್‌ಓಜಿ ಅಲೈ ಅಂತ ಎಂತದೋ ಬೇಕೇ ಬೇಕು ಅಂತ ಕೂತಿದಾನೆ. "ಅಪ್ಪಾ ಇದು ಬರೀ ಗೇಮ್ ಅಲ್ಲ, ಒಳಗೆ ವಿಂಡೋಸ್ ಇದೆ, ನಿಮ್ಮ ಲೆಕ್ಕ ಬರೆಯೋ ಟ್ಯಾಲಿನೂ ಇದ್ರಲ್ಲೇ ಮಾಡ್ಬಹುದು" ಅಂತಾನೆ. ಫೋಟೋ ನೋಡಿದ್ರೆ ಮಕ್ಕಳ ಆಟದ ಸಾಮಾನು ಇದ್ದಂಗಿದೆ. ಹುಡುಗ ನಿಜ ಹೇಳ್ತಿದಾನಾ ಅಥ್ವಾ ನನ್ನ ಕಿವಿಗೆ ಹೂ ಇಡ್ತಿದಾನಾ?

ಉತ್ತರ: ನಿಜಾನೇ ಹೇಳ್ತಿದಾನೆ ಮಾರಾಯ್ರೆ, ಆದ್ರೆ ಅರ್ಧ ಹೇಳಿ ಅರ್ಧ ನುಂಗ್ಕೊಂಡಿದಾನೆ. ಆಸುಸ್ ಕಂಪನಿಯ ಈ ಅಲೈ 2023ರ ಜುಲೈನಲ್ಲಿ ಇಂಡಿಯಾಕ್ಕೆ ಬಂದಾಗ ಬೆಲೆ 69,990 ರೂಪಾಯಿ ಇತ್ತು. ಒಳಗೆ ವಿಂಡೋಸ್ 11, ಎಎಂಡಿಯ ಎಂಟು ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್. ಮಂಡಿಗಳಲ್ಲಿ ಧೂಳು ತಿಂತಾ ಕೂತಿರೋ ಎಷ್ಟೋ ಕಂಪ್ಯೂಟರಿಗಿಂತ ಗಟ್ಟಿ ಮಷೀನು. ಟ್ಯಾಲಿ ಇನ್‌ಸ್ಟಾಲ್ ಆಗುತ್ತೆ, ಓಡುತ್ತೆ, ಎರಡು ಮಾತಿಲ್ಲ.

ತೊಂದ್ರೆ ಶುರುವಾಗೋದು ಅದು ಓಡಿದ್ ಮೇಲೆ. ಟ್ಯಾಲಿ ಮುಂದೆ ಕೂತೋರಿಗೆ ಗೊತ್ತಿರುತ್ತೆ, ಅಲ್ಲಿ ಮೌಸ್ ಯಾರೂ ಮುಟ್ಟಲ್ಲ, ಪೇಮೆಂಟ್‌ಗೆ ಎಫ್5, ರಸೀದಿಗೆ ಎಫ್6, ಸೇಲ್ಸ್‌ಗೆ ಎಫ್8, ಪರ್ಚೇಸ್‌ಗೆ ಎಫ್9, ಆಮೇಲೆ ಎಂಟರ್ ಎಂಟರ್ ಅಂತ ಕುಟ್ಕೊಂಡು ಹೋಗೋದು, ಬಲಗೈ ಪೂರ್ತಿ ನಂಬರ್ ಪ್ಯಾಡ್ ಮೇಲೆ. ಅಲೈಲಿ ಕೀಬೋರ್ಡೇ ಇಲ್ಲ. ಎರಡೂ ಕಡೆ ಹೆಬ್ಬೆಟ್ಟಿಗೆ ಒಂದೊಂದು ಸ್ಟಿಕ್ಕು, ನಾಲ್ಕು ಬಟನ್ನು, ಹಿಂದ್ಗಡೆ ಟ್ರಿಗರು. ಟೈಪ್ ಮಾಡ್ಬೇಕಂದ್ರೆ ಸ್ಕ್ರೀನ್ ಮೇಲೆ ಕೀಬೋರ್ಡ್ ತರಿಸ್ಬೇಕು, ಅದು ಬಂದ ತಕ್ಷಣ ಸ್ಕ್ರೀನಿನ ಅರ್ಧ ಜಾಗ ತಿನ್ನುತ್ತೆ, ವೋಚರ್ ಕಾಣಲ್ಲ. ಎಫ್ ಕೀ ಬೇಕಂದ್ರೆ ಆ ಕೀಬೋರ್ಡಿನ ಲೇಔಟ್ ಬೇರೆ ಬದಲಾಯಿಸ್ಬೇಕು. ಒಂದು ದಿನದ ಚೀಟಿ ಹೀಗೆ ಹಾಕಿ ನೋಡಿ, ಸಂಜೆಗೆ ನೀವೇ ಹಳೇ ಖಾತೆ ಪುಸ್ತಕಕ್ಕೆ ವಾಪಸ್ ಹೋಗ್ತೀರಿ.

ಇನ್ನು ಕಣ್ಣಿನ ಲೆಕ್ಕ. ಇದರ ಸ್ಕ್ರೀನು 7 ಇಂಚು, 1920 ಇಂಟು 1080 ಚುಕ್ಕಿ, ಅಂದ್ರೆ ಒಂದು ಇಂಚಿಗೆ ಸುಮಾರು 315 ಚುಕ್ಕಿ. ಇಷ್ಟೇ ಚುಕ್ಕಿ ಇರೋ ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪಲ್ಲಿ ಇಂಚಿಗೆ ಸುಮಾರು 141. ಹಾಗಾಗಿ ಅಲ್ಲಿ ಕಾಣೋ ಅಕ್ಷರ ಇಲ್ಲಿ ಅರ್ಧಕ್ಕಿಂತ ಸಣ್ಣ ಆಗುತ್ತೆ. ಸ್ಕೇಲಿಂಗ್ ಹೆಚ್ಚು ಮಾಡಿ ದೊಡ್ಡದ್ ಮಾಡ್ಕೊಬಹುದು, ಆಗ ಒಂದ್ಸಲಕ್ಕೆ ಕಾಣೋ ಸಾಲು ಕಮ್ಮಿ. ಗೇಮಿಗೆ ಇದು ಅದ್ಭುತ, ಕಣ್ಣಿಗೆ ಹಬ್ಬ. ಜಿಎಸ್‌ಟಿ ಪಟ್ಟಿ ನೋಡೋಕೆ ನಲವತ್ತು ದಾಟಿದ ಕಣ್ಣಿಗೆ ಶಿಕ್ಷೆ.

ಹುಡುಗನ ಮಾತಿಗೂ ಒಂದು ದಾರಿ ಇದೆ, ಸುಳ್ಳು ಹೇಳ್ಬಾರ್ದು. ಒಂದು ಯುಎಸ್‌ಬಿ-ಸಿ ಹಬ್ ತಗೊಂಡು ಅದಕ್ಕೆ ಮನೇಲಿರೋ ಮಾನಿಟರ್ ಅಥ್ವಾ ಟಿವಿ, ಕೀಬೋರ್ಡು, ಮೌಸು, ಚಾರ್ಜರು ಎಲ್ಲ ಚುಚ್ಚಿದ್ರೆ ಅಲೈ ಪೂರ್ತಿ ಡೆಸ್ಕ್‌ಟಾಪ್ ಆಗುತ್ತೆ. ಹಬ್ ಇಲ್ದೆ ಆಗಲ್ಲ ಯಾಕಂದ್ರೆ ಆ ಮಾಡೆಲಲ್ಲಿ ಯುಎಸ್‌ಬಿ ಕಿಂಡಿ ಇರೋದೇ ಒಂದು, ಚಾರ್ಜರ್ ಹಾಕಿದ್ರೆ ನಿಮ್ಮ ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚೋಕೆ ಜಾಗ ಇಲ್ಲ. ಆದ್ರೆ ಹೀಗೆ ಮೇಜಿನ ಮೇಲೆ ಕಟ್ಟಿ ಹಾಕಿದ್ ಮೇಲೆ ಅದು ಕೈಲಿ ಹಿಡ್ಯೋ ಮಷೀನ್ ಹೆಂಗಾಯ್ತು? ಅಷ್ಟಕ್ಕೂ ಮಗ ಹಾಸ್ಟೆಲ್ಲಲ್ಲಿ, ಟ್ಯಾಲಿ ಮನೇಲಿ.

ನನ್ನ ಅಭಿಪ್ರಾಯ ನೇರ ಹೇಳ್ತೀನಿ. ಅವನ ಹತ್ರ ಈಗ ಬೇರೆ ಯಾವ ಕಂಪ್ಯೂಟರೂ ಇಲ್ಲ ಅಂದ್ರೆ ಇದು ಬೇಡ. ಇದೇ ದುಡ್ಡಿನ ಆಸುಪಾಸಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಸಿಗುತ್ತೆ, ನಾಲ್ಕು ವರ್ಷದ ಪ್ರಾಜೆಕ್ಟು, ಕೋಡಿಂಗು, ಡ್ರಾಯಿಂಗು ಎಲ್ಲ ಅದ್ರಲ್ಲೇ ಆಗುತ್ತೆ, ರಾತ್ರಿ ಗೇಮೂ ಆಡ್ಕೊಳ್ಳಲಿ. ಲ್ಯಾಪ್‌ಟಾಪ್ ಆಗ್ಲೇ ಇದೆ, ದುಡ್ಡಿಗೂ ಅಷ್ಟೇನು ತೊಂದ್ರೆ ಇಲ್ಲ ಅಂದ್ರೆ ಕೊಡ್ಸಿ, ಒಳ್ಳೆ ಸಾಮಾನೇ. ಆದ್ರೆ ಗೇಮ್ ಖರ್ಚು ಅಂತ್ಲೇ ಬರ್ಕೊಳ್ಳಿ, ಟ್ಯಾಲಿ ಹೆಸರಿಗೆ ಹಾಕ್ಬೇಡಿ.

ಪ್ರಶ್ನೆ: ಅಣ್ಣಾ, ನಾನು ಸಾಗರದೋಳು, ಬೆಂಗ್ಳೂರಲ್ಲಿ ಕೆಲ್ಸ, ತಿಂಗಳಿಗೆರಡು ಸಲ ಟ್ರೈನಲ್ಲಿ ಓಡಾಟ. ಲ್ಯಾಪ್‌ಟಾಪ್ ಆಫೀಸಿಂದು ಇದೆ, ಅದ್ರಲ್ಲಿ ಗೇಮ್ ಹಾಕಂಗಿಲ್ಲ. ಸ್ಟೀಮ್ ಡೆಕ್ ತಗೊಳ್ಳಾ, ವಿಂಡೋಸ್ ಇರೋದ್ ತಗೊಳ್ಳಾ? ಮನೇಲಿ ನೆಟ್ ಸ್ಲೋ, ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಆ ದೇವ್ರಿಗೇ ಗೊತ್ತು.

ಉತ್ತರ: ನಿಮ್ಮ ಕೇಸಲ್ಲಿ ಎರಡೂ ಸರಿಹೋಗುತ್ತೆ ತಂಗಿ, ಯಾಕಂದ್ರೆ ನಿಮ್ಗೆ ಬೇಕಾಗಿರೋದು ಗೇಮು, ಕೆಲ್ಸ ಅಲ್ಲ. ನನ್ನ ಒಲವು ವಾಲ್ವ್ ಕಂಪನಿಯ ಕೈಲಿ ಹಿಡ್ಯೋ ಗೇಮ್ ಮಷೀನು ಸ್ಟೀಮ್ ಡೆಕ್ ಕಡೆ, ಕಾರಣ ಪವರ್ ಬಟನ್ನು.

ಟ್ರೈನಲ್ಲಿ ಗೇಮ್ ಆಡ್ತಾ ಇದ್ದೀರಿ, ಬೀರೂರು ಬಂತು, ಪಕ್ಕದೋರು ಇಳೀಬೇಕು, ಎದ್ದು ಜಾಗ ಬಿಡ್ಬೇಕು. ಡೆಕ್ಕಲ್ಲಿ ಬಟನ್ ಒಂದ್ಸಲ ಒತ್ತಿದ್ರೆ ಗೇಮು ಎಲ್ಲಿತ್ತೋ ಅಲ್ಲೇ ನಿಲ್ಲುತ್ತೆ, ಇನ್ನೊಂದ್ಸಲ ಒತ್ತಿದ್ರೆ ಅಲ್ಲಿಂದ್ಲೇ ಶುರು. ಅದರಲ್ಲಿರೋದು ವಿಂಡೋಸ್ ಅಲ್ಲ, ವಾಲ್ವ್ ಕಂಪನಿ ಲಿನಕ್ಸ್ ಮೇಲೆ ಕಟ್ಟಿರೋ ಸ್ಟೀಮ್ ಓಎಸ್, ಅದನ್ನ ಈ ಮಷೀನಿಗೆ ಅಂತ್ಲೇ ತಿದ್ದಿದಾರೆ. ವಿಂಡೋಸಿನ ನಿದ್ದೆ ಹಂಗಲ್ಲ, ಕಣ್ಣು ಮುಚ್ಚಿ ಮಲ್ಗಿದ್ರೂ ಕಿವಿ ತೆರ್ದಿರೋ ಮನೆ ಅಜ್ಜಿ ಥರ ಅದು, ಮೇಲ್ ಬಂತಾ ಅಪ್‌ಡೇಟ್ ಬಂತಾ ಅಂತ ಒಳಗೊಳಗೇ ಎದ್ದು ನೋಡ್ತಾ ಇರುತ್ತೆ. ಫೋನಿನ ಹಂಗೆ ಇರ್ಲಿ ಅಂತ ಮೈಕ್ರೋಸಾಫ್ಟೋರು ಹಾಗೆ ಮಾಡಿದ್ದು, ಆದ್ರೆ ಬ್ಯಾಗಲ್ಲಿಟ್ಟ ಮಷೀನು ಬಿಸಿಯಾಗಿ ಬ್ಯಾಟ್ರಿ ಇಳಿದಿರೋದು, ಎಬ್ಬಿಸಿದಾಗ ಗೇಮ್ ಸತ್ತು ಹೋಗಿರೋದು ಇದ್ದಿದ್ದೇ. ಈಚೆಗೆ ಸುಧಾರಿಸ್ತಾ ಇದೆ. 2025ರ ಅಕ್ಟೋಬರಲ್ಲಿ ಬಂದ ಎಕ್ಸ್‌ಬಾಕ್ಸ್ ಅಲೈನಲ್ಲಿ ಡೆಸ್ಕ್‌ಟಾಪ್ ಬದ್ಲು ನೇರ ಎಕ್ಸ್‌ಬಾಕ್ಸ್ ಸ್ಕ್ರೀನಿಗೇ ತೆರ್ಕೊಳ್ಳೋ ಹಾಗೆ ಮಾಡಿದಾರೆ, ಅಂದ್ರೆ ಮೈಕ್ರೋಸಾಫ್ಟೋರಿಗೂ ಅರ್ಥ ಆಗಿದೆ ಅಂತಾಯ್ತು.

ಡೆಕ್ಕಿಗೂ ಕುಂದಿದೆ. ವಿಂಡೋಸ್ ಗೇಮ್‌ಗಳನ್ನ ಪ್ರೋಟಾನ್ ಅನ್ನೋ ಪದರ ಹಾಕಿ ಓಡ್ಸುತ್ತೆ, ಬಹಳಷ್ಟು ಚೆನ್ನಾಗೇ ಓಡುತ್ತೆ, ಆದ್ರೆ ಕಳ್ಳಾಟ ಹಿಡಿಯೋ ಸಾಫ್ಟ್‌ವೇರ್ ಇರೋ ಕೆಲವು ಆನ್‌ಲೈನ್ ಗೇಮ್ ಓಡಲ್ಲ. ವ್ಯಾಲೊರಂಟ್, ಫೋರ್ಟ್‌ನೈಟ್ ಆಡೋರು ಡೆಕ್ ಮರ್ತುಬಿಡಿ. ಇನ್ನೊಂದು, ವಾಲ್ವ್ ಅದನ್ನ ಇಂಡಿಯಾದಲ್ಲಿ ಅಧಿಕೃತವಾಗಿ ಮಾರಲ್ಲ, ಇಲ್ಲಿ ಸಿಗೋದೆಲ್ಲ ಯಾರೋ ಹೊರಗಿಂದ ತರ್ಸಿದ್ದು, ವಾರಂಟಿ ಅಂದ್ರೆ ಆ ಅಂಗಡಿಯೋನ ಬಾಯಿ ಮಾತು. ಸರ್ವೀಸ್ ಮುಖ್ಯ ಅನ್ನೋರು ಇಲ್ಲೇ ಮಾರೋ ವಿಂಡೋಸ್ ಮಷೀನ್ ತಗೊಳ್ಳೋದೇ ಸೈ, ಅದಕ್ಕೆ ನಾನು ಅಡ್ಡ ಬರಲ್ಲ.

ಬ್ಯಾಟ್ರಿ ಲೆಕ್ಕ ಮನೇಲೇ ಹಾಕ್ಬಹುದು. ಮೊದಲ ಡೆಕ್ಕಲ್ಲೂ ಮೊದಲ ಅಲೈಲೂ 40 ವ್ಯಾಟ್ ಅವರ್ ಬ್ಯಾಟ್ರಿ. ಭಾರೀ ಗೇಮ್ ಹಾಕಿ ಮಷೀನು ಒಟ್ಟು 25 ವ್ಯಾಟ್ ಎಳೆದ್ರೆ ಒಂದೂವರೆ ಗಂಟೆಗೆ ಕಥೆ ಮುಗೀತು, ಅರಸೀಕೆರೆ ದಾಟೋ ಅಷ್ಟರಲ್ಲಿ ಚಾರ್ಜರ್ ಹುಡುಕ್ಬೇಕು. ಚಿಕ್ಕ ಟೂಡಿ ಗೇಮ್ ಆದ್ರೆ 10 ವ್ಯಾಟ್ ಒಳಗೇ ಆಗುತ್ತೆ, ನಾಲ್ಕು ಗಂಟೆ ಬರುತ್ತೆ. 2023ರ ಕೊನೇಲಿ ಬಂದ ಓಎಲ್‌ಇಡಿ ಡೆಕ್ಕಲ್ಲಿ 50, ಆಮೇಲೆ ಬಂದ ಅಲೈ ಎಕ್ಸಲ್ಲಿ 80. ಪವರ್ ಬ್ಯಾಂಕ್ ತಗೊಳ್ಳೋದಾದ್ರೆ ಪಿಡಿ (ಯುಎಸ್‌ಬಿ-ಸಿಲಿ ಜಾಸ್ತಿ ಪವರ್ ಕೊಡೋ ಪದ್ಧತಿ) ಸಪೋರ್ಟ್ ಇದ್ದು 45 ವ್ಯಾಟ್ ಕೊಡೋ ಅಂಥದ್ದು ನೋಡಿ, ಫೋನಿಂದು ಸಾಲಲ್ಲ.

ನೆಟ್ ವಿಷ್ಯಕ್ಕೆ ಬಂದ್ರೆ, 100 ಜಿಬಿ ಗೇಮು 10 ಎಂಬಿಪಿಎಸ್ ಲೈನಲ್ಲಿ ಇಳಿಯೋಕೆ ಇಪ್ಪತ್ತೆರಡು ಗಂಟೆ ಬೇಕು, ಅದೂ ಮಧ್ಯ ಕರೆಂಟ್ ಹೋಗ್ದೆ ಇದ್ರೆ. ವಾಲ್ವಿನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮಲ್ಲಿ 2023ರಿಂದ ಒಂದು ಒಳ್ಳೆ ಸೌಲಭ್ಯ ಇದೆ, ಒಂದೇ ವೈಫೈಲಿರೋ ಇನ್ನೊಂದು ಕಂಪ್ಯೂಟರಲ್ಲಿ ಅದೇ ಗೇಮ್ ಇದ್ರೆ ನೇರ ಅಲ್ಲಿಂದ್ಲೇ ಕಾಪಿ ಆಗುತ್ತೆ. ಆದ್ರೂ ಸುಲಭ ಅಂದ್ರೆ ಬೆಂಗ್ಳೂರಲ್ಲೇ ಎಲ್ಲ ಇಳಿಸ್ಕೊಂಡು, ಒಂದ್ಸಲ ಓಪನ್ ಮಾಡಿ ನೋಡಿ, ಆಮೇಲೆ ಆಫ್‌ಲೈನ್ ಮೋಡಿಗೆ ಹಾಕಿ ಊರಿಗೆ ಬನ್ನಿ. ಮತ್ತೆ ಮಳೆಗಾಲದಲ್ಲಿ ಕಂಬಳಿ ಹೊದ್ಕೊಂಡು ಅದರೊಳಗೆ ಆಡ್ಬೇಡಿ. ಗಾಳಿ ಎಳ್ಕೊಳ್ಳೋ ಕಿಂಡಿ ಹಿಂದ್ಗಡೆ, ಬಿಸಿ ಹೊರಗೆ ಬರೋದು ಮೇಲ್ಗಡೆ, ಎರಡೂ ಮುಚ್ಚಿಹೋಗುತ್ತೆ.

ಪ್ರಶ್ನೆ: ಹೊಸನಗರ ಕಡೆ ಸಿಸಿಟಿವಿ, ನೆಟ್‌ವರ್ಕ್ ಕೆಲ್ಸ ಮಾಡ್ತೀನಿ. ಬೈಕಲ್ಲಿ ಲ್ಯಾಪ್‌ಟಾಪ್ ಹೊತ್ಕೊಂಡು ಏಣಿ ಹತ್ತೋದು ಸಾಕಾಗಿದೆ. ಜಿಪಿಡಿ ಅಂತ ಸಣ್ಣ ವಿಂಡೋಸ್ ಕಂಪ್ಯೂಟರ್ ಬರುತ್ತಂತಲ್ಲ, ಒಬ್ರು ಹಳೇದು ಕೊಡ್ತೀನಿ ಅಂತಿದಾರೆ. ತಗೋಬಹುದಾ?

ಉತ್ತರ: ಇಷ್ಟು ಪತ್ರದಲ್ಲಿ ಜೇಬಿನ ವಿಂಡೋಸ್ ನಿಜವಾಗ್ಲೂ ಬೇಕಾಗಿರೋದು ನಿಮ್ಗೊಬ್ರಿಗೇ ನೋಡಿ! ಜಿಪಿಡಿ ಚೀನಾದ ಶೆನ್‌ಜೆನ್ ಕಂಪನಿ. 2016ರಲ್ಲಿ ವಿನ್ ಅಂತ ಐದೂವರೆ ಇಂಚಿಂದು ತಂದ್ರು, ಗೇಮ್ ಸ್ಟಿಕ್ಕೂ ಇತ್ತು ಕೀಬೋರ್ಡೂ ಇತ್ತು, ಸ್ಟಿಕ್ಕು ಮೌಸ್ ಥರ ಕೆಲ್ಸ ಮಾಡ್ಬೇಕೋ ಗೇಮ್ ಥರ ಮಾಡ್ಬೇಕೋ ಅಂತ ಬದಲಾಯಿಸೋಕೆ ಒಂದು ಪುಟ್ಟ ಸ್ವಿಚ್ಚು. 2017ರಲ್ಲಿ ಪಾಕೆಟ್ ಅಂತ 7 ಇಂಚಿನ ಪುಟಾಣಿ ಲ್ಯಾಪ್‌ಟಾಪು. ನಿಮ್ಮ ಕೆಲ್ಸಕ್ಕೆ ಹೇಳಿ ಮಾಡ್ಸಿದ್ದು ಇವೆರಡೂ ಅಲ್ಲ, 2019ರ ಮೈಕ್ರೋಪಿಸಿ. 6 ಇಂಚು, ಅರ್ಧ ಕೇಜಿಗಿಂತ ಕಮ್ಮಿ ತೂಕ, ಮೈಮೇಲೆ ಲ್ಯಾನ್ ಪೋರ್ಟ್ ಇದೆ, ಹಳೇ ಸ್ವಿಚ್ಚು ರೂಟರಿಗೆ ಹಾಕೋ ಆರ್‌ಎಸ್-232 ಸೀರಿಯಲ್ ಪೋರ್ಟೂ ಇದೆ. ಈಗಿನ ದೊಡ್ಡ ಲ್ಯಾಪ್‌ಟಾಪಲ್ಲೂ ಅದು ಸಿಗಲ್ಲ. ಎರಡೂ ಕೈಲಿ ಹಿಡ್ಕೊಂಡು ಹೆಬ್ಬೆಟ್ಟಲ್ಲಿ ಟೈಪ್ ಮಾಡೋ ಹಾಗೆ ಕೀಬೋರ್ಡು, ಕ್ಯಾಮರಾ ಐಪಿ ಬದಲಾಯಿಸೋಕೆ, ಪಿಂಗ್ ಹೊಡಿಯೋಕೆ ಧಾರಾಳ. ಕೊಟೇಶನ್ ಟೈಪ್ ಮಾಡೋಕೆ ಅಲ್ಲ.

ಹಳೇದು ಅಂದ್ರಲ್ಲ, ಯಾವ ಮಾಡೆಲ್ ಅಂತ ಮೊದ್ಲು ಕೇಳಿ. ವಿನ್, ಪಾಕೆಟ್ ಎರಡರ ಮೊದಲ ಮಾಡೆಲಲ್ಲೂ ಇಂಟೆಲ್ ಆಟಮ್ ಪ್ರೊಸೆಸರ್, ಅದು ವಿಂಡೋಸ್ 11 ಒಪ್ಪೋ ಪ್ರೊಸೆಸರ್‌ಗಳ ಪಟ್ಟಿಲಿ ಇಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ. ಮೈಕ್ರೋಪಿಸಿಲಿರೋ ಸೆಲೆರಾನ್ ಎನ್4100 ಪಟ್ಟಿಲಿದೆ. ಬ್ಯಾಟ್ರಿ ಉಬ್ಬಿದ್ಯಾ ಅಂತ ಮೇಜಿನ ಮೇಲಿಟ್ಟು ನೋಡಿ, ಅಲ್ಲಾಡಿದ್ರೆ ಅಥ್ವಾ ತಳ ಎದ್ದಿದ್ರೆ ಬೇಡ. ಕೆಟ್ರೆ ರಿಪೇರಿಗೆ ಶಿವಮೊಗ್ಗದ ನೆಹರು ರೋಡ್ ಪೂರ್ತಿ ಅಲೆದ್ರೂ ಪಾರ್ಟ್ ಸಿಗೋದು ಕಷ್ಟ, ಆ ಲೆಕ್ಕ ಇಟ್ಕೊಂಡೇ ರೇಟ್ ಮಾತಾಡಿ. ನೀರು ತಡೆಯೋ ಸಾಮಾನಲ್ಲ, ಜಿಪ್ ಇರೋ ಪ್ಲಾಸ್ಟಿಕ್ ಕವರ್ ಒಂದು ಯಾವಾಗ್ಲೂ ಬೈಕ್ ಡಿಕ್ಕಿಲಿರ್ಲಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ಕೊಪ್ಪ. ಜೇಬಿನ ಕಂಪ್ಯೂಟರ್ ಅನ್ನೋ ಮಾತು ಇಪ್ಪತ್ತು ವರ್ಷದ ಹಿಂದೇನೇ ಕೇಳಿದ್ದೆ. ಆಗ ಬಂದಿದ್ದು ಎಲ್ಲಿ ಹೋಯ್ತು?

ಉತ್ತರ: ನಿಮ್ಮ ನೆನಪು ಸರಿಯಾಗೇ ಇದೆ ಸರ್. 1996ರಲ್ಲೇ ತೋಷಿಬಾದ ಲಿಬ್ರೆಟ್ಟೋ ಇತ್ತು, 2004ರಲ್ಲಿ ಓಕ್ಯೂಓ ಬಂತು, 2006ರಲ್ಲಿ ಮೈಕ್ರೋಸಾಫ್ಟ್ ಒರಿಗಾಮಿ ಅನ್ನೋ ಪುಟ್ಟ ಕಂಪ್ಯೂಟರ್ ಯೋಜನೆ ಅಂತ ದೊಡ್ಡ ಸದ್ದು ಮಾಡ್ತು, ಅದೇ ವರ್ಷ ಸೋನಿ ವಾಯೋ ಯುಎಕ್ಸ್ ಅಂತ ನಾಲ್ಕೂವರೆ ಇಂಚಿಂದು ತಂತು. ರೇಟು ಆಕಾಶದಲ್ಲಿ, ಬ್ಯಾಟ್ರಿ ಪಾತಾಳದಲ್ಲಿ. ಮಾರನೇ ವರ್ಷ ಐಫೋನೂ ಬಂತು, ಕಮ್ಮಿ ರೇಟಿನ ಪುಟ್ಟ ನೆಟ್‌ಬುಕ್ಕೂ ಬಂತು, ಎರಡರ ಮಧ್ಯ ಸಿಕ್ಕಿ ಇವು ಅಪ್ಪಚ್ಚಿ ಆದ್ವು. ಈಗ ವಾಪಸ್ ಬಂದಿರೋದು ಗೇಮ್ ಆಡೋರ ಋಣದಲ್ಲಿ, 15 ವ್ಯಾಟ್‌ಗೇ ಒಳ್ಳೆ ಗ್ರಾಫಿಕ್ಸ್ ಕೊಡೋ ಚಿಪ್ಪು ಬಂದಿದ್ದಕ್ಕೆ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ "ಹತ್ತು ಸಾವಿರ ಗೇಮ್ ಇರೋದು" ಅಂತ ಆನ್‌ಲೈನಲ್ಲಿ ಬರೋ ಸಣ್ಣ ಮಷೀನ್ ಕೊಡಿಸ್ಬಹುದಾ? (ಭದ್ರಾವತಿ)

ಉತ್ತರ: ಕೊಡ್ಸಬಹುದು ಅಕ್ಕಾ, ಫೋನ್ ಕೊಡೋದಕ್ಕಿಂತ ವಾಸಿ, ರೀಲ್ಸ್ ಕಾಟ ಇಲ್ಲ. ಆದ್ರೆ ಆ ಹತ್ತು ಸಾವಿರದಲ್ಲಿ ಎಷ್ಟೋ ಒಂದೇ ಗೇಮಿನ ಕಾಪಿ ಮೇಲೆ ಕಾಪಿ, ಅದೂ ಹೆಚ್ಚಿನವು ಕಂಪನಿಗಳ ಪರ್ಮಿಶನ್ ಇಲ್ದೆ ತುಂಬ್ಸಿದ್ದು, ಅದು ಗೊತ್ತಿರ್ಲಿ. ಜೊತೆಗೆ ಬರೋ ಮೆಮೊರಿ ಕಾರ್ಡು ಬಲು ಅಗ್ಗದ್ದು, ಬೇಗ ಕೈಕೊಡುತ್ತೆ. ಬಂದ ದಿನಾನೇ ಒಳ್ಳೆ ಕಂಪನಿದೊಂದು ಕಾರ್ಡ್ ತಂದು ಅದಕ್ಕೆ ಕಾಪಿ ಮಾಡಿ ಹಾಕಿ, ಮಗಳು ಸೇವ್ ಮಾಡಿದ್ದೆಲ್ಲ ಹೋಯ್ತು ಅಂತ ಅತ್ಕೊಂಡು ಬರೋದು ತಪ್ಪುತ್ತೆ.